ಚಳಿಗಾಲದಲ್ಲಿ ಹಳೆಯ ಟ್ರ್ಯಾಕ್ಟರುಗಳ ಚಾಲನೆ: 6 ವೋಲ್ಟೋ, 12 ವೋಲ್ಟೋ?

(ವಳಕಮದಿನ್ನಿಯ ಭೂಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಎಳ್ಳಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ರೈತನಿಗೆ ಎರಡು ಕಡೆಯಿಂದ ಅವಸರವೊದಗುತ್ತದೆ. ಎರೆಹೊಲದಲ್ಲಿ ಬಿಳಿಜೋಳವೂ ಕಡಲೆಯೂ ನಿಂತಿರುತ್ತವೆ. ಎಡದಂಡೆಯ ಕಾಲುವೆಗೆ ಎರಡನೆಯ ಬೆಳೆಯ ನೀರು ಬಿಟ್ಟ ವರ್ಷಗಳಲ್ಲಿ ಗದ್ದೆಯನ್ನು ಕೆಸರು ಮಾಡಿ ನಾಟಿಗೆ ಅಣಿಗೊಳಿಸುವ ಕೆಲಸವೂ ಅದೇ ಕಾಲಕ್ಕೆ ಬೀಳುತ್ತದೆ. ಇಂಥ ಒಂದು ಬೆಳಗಿನಲ್ಲಿ ಹಳೆಯ ಟ್ರ್ಯಾಕ್ಟರು ಎರಡು ಸಲ ನರಳಿ ಸುಮ್ಮನಾಯಿತೆಂದರೆ ಆಳುಗಳ ಕೂಲಿ, ಸರದಿಯ ನೀರು, ಸಸಿಮಡಿಯ ಹದ ಮೂರೂ ಒಮ್ಮೆಗೇ ಕೈತಪ್ಪುವುವು. ಆಗ ನೆರೆದವರಲ್ಲಿ ಯಾರಾದರೊಬ್ಬರು, ಬ್ಯಾಟರಿಯ ಶಕ್ತಿ ಸಾಲದು, ಹೆಚ್ಚಿನ ವೋಲ್ಟಿನದನ್ನು ಹಾಕಿಸಿರಿ ಎಂದು ಹೇಳುವುದುಂಟು. ಈ ಸಲಹೆಯು ಯಾವ ಯಂತ್ರಕ್ಕೆ ಒಪ್ಪತಕ್ಕದ್ದು, ಯಾವುದಕ್ಕೆ ಹಾನಿಕರವಾದದ್ದು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ತುಂಗಭದ್ರಾ ಅಣೆಕಟ್ಟಿಗೆ 1945ನೆಯ ಫೆಬ್ರವರಿ 28ರಂದು ಅಡಿಗಲ್ಲಿಡಲಾಯಿತು; 1953ರಲ್ಲಿ ಕಾಲುವೆಗೆ ನೀರು ಬಂದಿತು. ನೀರಿನ ಹಿಂದೆಯೇ ಭೂಮಿಯನ್ನು ಸಮಮಾಡುವ ಅಗತ್ಯವೂ, ಅದರ ಹಿಂದೆ ಯಂತ್ರಗಳೂ ಈ ಸೀಮೆಗೆ ಬಂದವು. ಹಳೆಯ ಟ್ರ್ಯಾಕ್ಟರುಗಳನ್ನು ಬ್ಯಾಟರಿಯ ದೃಷ್ಟಿಯಿಂದ ಎರಡು ಜಾತಿಯಾಗಿ ವಿಂಗಡಿಸಬಹುದು. ಪೆಟ್ರೋಲಿನಿಂದ ನಡೆಯುವ ಅಮೆರಿಕದ ಯಂತ್ರಗಳು, ಅಂದರೆ 1939ರ ಫೋರ್ಡ್ 9ಎನ್, 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಮತ್ತು ಆ ಕಾಲದ ಫಾರ್ಮಾಲ್ ಮುಂತಾದುವು, 6 ವೋಲ್ಟಿನವು. ನಮ್ಮ ದೇಶದಲ್ಲಿಯೇ ಮುಂದೆ ತಯಾರಾದ ಡೀಸೆಲ್ ಯಂತ್ರಗಳು, ಎಂದರೆ 1971ರಿಂದ ಪಿಂಜೋರಿನ ಕಾರ್ಖಾನೆಯಲ್ಲಿ ಹೊರಬಂದ ಎಚ್.ಎಂ.ಟಿ. ಮತ್ತು ಸಿಂಪ್ಸನ್ ಎಂಜಿನಿನ ಮ್ಯಾಸಿ ಫರ್ಗ್ಯುಸನ್ ಇತ್ಯಾದಿ, 12 ವೋಲ್ಟಿನವು. ಎಚ್.ಎಂ.ಟಿ. ಟ್ರ್ಯಾಕ್ಟರುಗಳ ತಯಾರಿಕೆಯನ್ನು ನಿಲ್ಲಿಸಲು 2016ರಲ್ಲಿ ತೀರ್ಮಾನವಾಯಿತಾದರೂ ಹೊಲಗಳಲ್ಲಿ ಅವುಗಳ ದುಡಿಮೆ ನಿಂತಿಲ್ಲ.

ವೋಲ್ಟ್ ಎಂಬುದನ್ನು ಕಾಲುವೆಯ ನೀರಿನ ಎತ್ತರಕ್ಕೂ, ಆಂಪಿಯರ್ ಎಂಬುದನ್ನು ಹರಿಯುವ ನೀರಿನ ಮೊತ್ತಕ್ಕೂ ಹೋಲಿಸಬಹುದು. ಕಾಲುವೆಯ ತಲೆಭಾಗದಲ್ಲಿ ನೀರು ತುಂಬಿದ್ದರೂ ಕೊನೆಯ ಭಾಗದ ರೈತನಿಗೆ ಅದು ತಲಪದಿರುವ ಕಷ್ಟವನ್ನು ಈ ಸೀಮೆಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಬ್ಯಾಟರಿಯು ತಲೆಭಾಗ, ಸ್ಟಾರ್ಟರ್ ಮೋಟಾರು ಕೊನೆಯ ಭಾಗ. ನಡುವಿನ ಕೇಬಲೇ ಕಾಲುವೆ. ಒಂದು 6 ವೋಲ್ಟಿನ ಸ್ಟಾರ್ಟರು 200 ಆಂಪಿಯರ್ ಎಳೆಯುವುದೆಂದೂ, ದಾರಿಯಲ್ಲಿ 1 ವೋಲ್ಟು ಸೋರುವುದೆಂದೂ ಇಟ್ಟುಕೊಳ್ಳೋಣ. ಆರರಲ್ಲಿ ಒಂದು ಪಾಲು ಹೋಯಿತು. ಅಷ್ಟೇ ಕೆಲಸವನ್ನು 12 ವೋಲ್ಟಿನಿಂದ ಮಾಡಿಸಿದರೆ 100 ಆಂಪಿಯರ್ ಸಾಕು; ಅದೇ ಕೇಬಲಿನಲ್ಲಿ ಅರ್ಧ ವೋಲ್ಟು ಮಾತ್ರ ಸೋರುವುದು. ಹನ್ನೆರಡರಲ್ಲಿ ಅರ್ಧವೆಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. 12 ವೋಲ್ಟಿನ ಹಿರಿಮೆಯೆಲ್ಲ ಇಷ್ಟರಲ್ಲಿದೆ: ಅದು ಕೆಟ್ಟ ಕಾಲುವೆಯನ್ನೂ ಸ್ವಲ್ಪಮಟ್ಟಿಗೆ ಸಹಿಸಿಕೊಳ್ಳುತ್ತದೆ. ಕಾಲುವೆಯನ್ನು ನೆಟ್ಟಗೆ ಮಾಡಿದರೆ 6 ವೋಲ್ಟೂ ತನ್ನ ಕೆಲಸವನ್ನು ನೆರವೇರಿಸುವುದು. ಆ ಯಂತ್ರಗಳು ನಮ್ಮದಕ್ಕಿಂತ ಬಹು ಕಠಿಣವಾದ ಹಿಮದ ದೇಶದಲ್ಲಿ ಅದರಿಂದಲೇ ಹೊರಟವಲ್ಲವೇ!

ಆದಕಾರಣ ಮೊದಲು ಪರೀಕ್ಷಿಸಬೇಕಾದದ್ದು ಕೇಬಲು. ಅಂಗಡಿಗಳಲ್ಲಿ ದೊರೆಯುವ ಸಣ್ಣ ಕೇಬಲುಗಳು 12 ವೋಲ್ಟಿನ ಮೋಟಾರು ಗಾಡಿಗಳಿಗೆಂದು ಮಾಡಿದವು. 6 ವೋಲ್ಟಿನ ಯಂತ್ರಕ್ಕೆ 50ರಿಂದ 70 ಚದರ ಮಿಲಿಮೀಟರಿನ ತಾಮ್ರದ ಕೇಬಲು ಬೇಕು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಕಿಲುಬನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಹಚ್ಚತಕ್ಕದ್ದು. ತೊಳೆಯುವ ನೀರು ಬ್ಯಾಟರಿಯ ಒಳಗೆ ಇಳಿಯಕೂಡದು. ಯಂತ್ರದ ಮೈಗೆ ಜೋಡಿಸುವ ತುದಿಯ ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಈ ತುದಿಯನ್ನು ಬಹುಮಂದಿ ನೋಡುವುದೇ ಇಲ್ಲ. ಸ್ಟಾರ್ಟರು ತಿರುಗುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಅಳೆದರೆ 12 ವೋಲ್ಟಿನದು 9.6ಕ್ಕಿಂತಲೂ 6 ವೋಲ್ಟಿನದು 4.8ಕ್ಕಿಂತಲೂ ಕೆಳಗಿಳಿಯಬಾರದು. ಇಳಿದರೆ ಬ್ಯಾಟರಿಯ ದೋಷ. ಇಳಿಯದೆಯೂ ಎಂಜಿನು ಮೆಲ್ಲಗೆ ತಿರುಗಿದರೆ ಕೇಬಲಿನದೋ ಸ್ಟಾರ್ಟರಿನದೋ ದೋಷ.

ಇನ್ನು ಚಳಿಯ ಮಾತು. ಸೊನ್ನೆ ಡಿಗ್ರಿಯ ಚಳಿಯಲ್ಲಿ ಬ್ಯಾಟರಿಯು ತನ್ನ ಸತ್ತ್ವದಲ್ಲಿ ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುವುದು ನಿಜ. ನಮ್ಮ ಪುಷ್ಯಮಾಸದ ಬೆಳಗು 15 ಡಿಗ್ರಿಯ ಆಸುಪಾಸಿನದು. ಇದರಿಂದಾಗುವ ನಷ್ಟ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಇಷ್ಟಕ್ಕೇ ಯಂತ್ರವು ಹೂಡಿಕೊಳ್ಳಲಾರದಿದ್ದರೆ ಬ್ಯಾಟರಿಯನ್ನು ಕೊಂದದ್ದು ಚಳಿಯಲ್ಲ, ಹಿಂದಿನ ಬೇಸಿಗೆ. 40 ಡಿಗ್ರಿಯನ್ನು ಮೀರುವ ವೈಶಾಖದ ಬಿಸಿಲಿನಲ್ಲಿ ಒಳಗಿನ ನೀರು ಆವಿಯಾಗಿ ಸೀಸದ ಫಲಕಗಳು ಒಣಗುತ್ತವೆ. ಕೆಲಸವಿಲ್ಲದೆ ನಿಂತ ಯಂತ್ರದಲ್ಲಿ ವಿದ್ಯುತ್ತು ತಾನಾಗಿ ಇಳಿದುಹೋಗಿ ಫಲಕಗಳ ಮೇಲೆ ಗಂಧಕದ ಗಟ್ಟಿಪದರ ಕೂಡುತ್ತದೆ. ಬೇಸಿಗೆಯಲ್ಲಾದ ಗಾಯವನ್ನು ಚಳಿಗಾಲವು ಹೊರಗೆಡಹುವುದಷ್ಟೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕಿ, ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ, ಬ್ಯಾಟರಿಯನ್ನು ನೆರಳಿನಲ್ಲಿಡತಕ್ಕದ್ದು. ಬಾವಿಯ ಸವಳು ನೀರು ಸರ್ವಥಾ ಕೂಡದು.

ಚಳಿಯಲ್ಲಿ ದಪ್ಪವಾಗುವ ಎಂಜಿನ್ ಎಣ್ಣೆಯೂ ಸ್ಟಾರ್ಟರಿಗೆ ಭಾರವೇ. 40ನೆಯ ನಂಬರಿನ ಒಂಟಿ ದರ್ಜೆಯ ಎಣ್ಣೆಗೆ ಬದಲು 15ಡಬ್ಲ್ಯೂ-40 ಎಂಬುದು ಮುಂಜಾನೆ ತೆಳ್ಳಗಿರುತ್ತದೆ. ಕ್ಲಚ್ಚನ್ನು ತುಳಿದುಕೊಂಡು ತಿರುಗಿಸಿದರೆ ಗೇರುಪೆಟ್ಟಿಗೆಯ ಎಣ್ಣೆಯನ್ನು ಕಲಕುವ ಹೊರೆ ತಪ್ಪುವುದು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಇಷ್ಟಾದ ಮೇಲೂ 6 ವೋಲ್ಟಿನ ಯಂತ್ರವನ್ನು ಬದಲಿಸುವುದೇ ಸರಿಯೆ? ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಹೊರಗೆಳೆಯುವ ಹಿರಿಯರ ಕಾಲದ ಯಂತ್ರವಾದರೆ ಹಾಗೆಯೇ ಬಿಡುವುದು ಮೇಲು. ನಿತ್ಯ ದುಡಿಯುವ ಯಂತ್ರಕ್ಕೆ 12 ವೋಲ್ಟು ಉಚಿತ. ಬಲ್ಬುಗಳೂ ಬ್ಯಾಟರಿಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ಬದಲಿಸಿದರೆ ಪೂರ್ತಿ ಬದಲಿಸಬೇಕು. ಡೈನಮೋವನ್ನು ತೆಗೆದು 12 ವೋಲ್ಟಿನ ಆಲ್ಟರ್ನೇಟರು, ಕಿಡಿಯ ಕಾಯಿಲಿಗೆ ತಕ್ಕ ರೆಸಿಸ್ಟರು ಅಥವಾ 12 ವೋಲ್ಟಿನದೇ ಕಾಯಿಲು, ಹೊಸ ಬಲ್ಬುಗಳು ಇವೆಲ್ಲ ಒಟ್ಟಿಗೆ ಬೇಕು. ಹಳೆಯ ಸ್ಟಾರ್ಟರು 12 ವೋಲ್ಟಿನಲ್ಲಿಯೂ ತಿರುಗುವುದು, ಆದರೆ ಅದರ ಹಲ್ಲು ಚಕ್ರಕ್ಕೆ ಜೋರಾಗಿ ಬಡಿಯುವುದರಿಂದ ಗುಂಡಿಯನ್ನು ಬಹಳ ಹೊತ್ತು ಒತ್ತಕೂಡದು. ಫೋರ್ಡ್ 8ಎನ್‌ನಲ್ಲಿ ಧನಧ್ರುವವನ್ನು ಯಂತ್ರದ ಮೈಗೆ ಜೋಡಿಸಿರುತ್ತದೆ. ಇಂದಿನ ಆಲ್ಟರ್ನೇಟರಿಗೆ ಋಣಧ್ರುವವು ಮೈಗೆ ಬರಬೇಕು. ಇದನ್ನು ಮರೆತ ಮಿಸ್ತ್ರಿಯ ಕೈಯಲ್ಲಿ ಹೊಸ ಆಲ್ಟರ್ನೇಟರು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಕೆಲವರು ಇವೆರಡರ ನಡುವಣ ದಾರಿಯೆಂದು 8 ವೋಲ್ಟಿನ ಬ್ಯಾಟರಿಯನ್ನು ಹಾಕಿಸುತ್ತಾರೆ. ಇದು ಶುದ್ಧ ತಪ್ಪು. ಅದರಲ್ಲಿ ನಾಲ್ಕು ಕೋಶಗಳು. ಪ್ರತಿಯೊಂದು ಕೋಶವೂ ತುಂಬಿದಾಗ 2.1 ವೋಲ್ಟಿನದು. 6 ವೋಲ್ಟಿನ ಡೈನಮೋ ಕೊಡುವುದು ಸುಮಾರು 7.2. ನಾಲ್ಕರಿಂದ ಭಾಗಿಸಿದರೆ ಕೋಶಕ್ಕೆ 1.8 ಮಾತ್ರ. ತಗ್ಗಿನ ಕಾಲುವೆಯಿಂದ ಎತ್ತರದ ಹೊಲಕ್ಕೆ ನೀರು ಏರಬಲ್ಲುದೆ? ಮೊದಲ ವಾರ ಚುರುಕಾಗಿ ಹೊರಡುವ ಯಂತ್ರವು ಬರಬರುತ್ತಾ ಮಂಕಾಗಲು ಇದೇ ಕಾರಣ. 12 ವೋಲ್ಟಿನ ಡೀಸೆಲ್ ಯಂತ್ರಕ್ಕೆ ಇನ್ನೊಂದು ಬ್ಯಾಟರಿಯನ್ನು ಸಾಲಾಗಿ ಜೋಡಿಸಿ 24 ವೋಲ್ಟು ಮಾಡುವುದೂ, 24 ವೋಲ್ಟಿನ ಲಾರಿಯಿಂದ ತಂತಿ ಎಳೆಯುವುದೂ ಅಷ್ಟೇ ಅವಿವೇಕ. ಡೀಸೆಲ್ಲಿಗೆ ಬೇಕಾದದ್ದು ಹೆಚ್ಚು ಆಂಪಿಯರ್-ಗಂಟೆಯ 12 ವೋಲ್ಟಿನ ಬ್ಯಾಟರಿ. ಬಿಸಿಮಾಡುವ ಪ್ಲಗ್ ಇರುವಲ್ಲಿ ಅದು ಸುಸ್ಥಿತಿಯಲ್ಲಿರಬೇಕು.

ಹೂಡಿಕೊಳ್ಳದ ಯಂತ್ರದ ಪಕ್ಕದಲ್ಲಿ ನಿಂತು ಸ್ಟಾರ್ಟರಿನ ಎರಡು ತುದಿಗಳಿಗೆ ಪಾನವನ್ನು ಅಡ್ಡಹಿಡಿಯುವ ಅಭ್ಯಾಸವನ್ನು ಊರಿನ ಹಿರಿಯರು ಖಡಾಖಂಡಿತವಾಗಿ ತಡೆಯತಕ್ಕದ್ದು. ಗೇರಿನಲ್ಲಿದ್ದ ಯಂತ್ರ ಹಠಾತ್ತನೆ ಹೊರಟರೆ ಹಿಂದಿನ ಚಕ್ರವು ನಿಂತವನ ಮೇಲೆಯೇ ಹರಿಯುವುದು. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲವು ಬೀಡಿಯ ಕಿಡಿಗೂ ಸಿಡಿಯುವಂಥದು.

ಕಾರ್ತಿಕಮಾಸದಲ್ಲಿಯೇ, ಅವಸರವಿಲ್ಲದ ಒಂದು ದಿನ, ಪೂರ್ತಿ ಚಾರ್ಜು ಮಾಡಿಸಿದ ಮೇಲೆ ಹೈಡ್ರೋಮೀಟರಿನಿಂದ ಒಂದೊಂದು ಕೋಶದ ಆಮ್ಲವನ್ನೂ ಅಳೆದು ನೋಡಬೇಕು. 1.240ರಿಂದ 1.260ರವರೆಗೆ ತೋರಿದರೆ ಒಳ್ಳೆಯದು. ಉಳಿದವೆಲ್ಲ ಸರಿಯಿದ್ದು ಒಂದು ಕೋಶ ಮಾತ್ರ ಬಹಳ ಕೆಳಗಿದ್ದರೆ ಅದು ಸತ್ತ ಕೋಶ. 12 ವೋಲ್ಟಿನ ಬ್ಯಾಟರಿಯಲ್ಲಿ ಅದು ಆರರಲ್ಲೊಂದು ಪಾಲು, 6 ವೋಲ್ಟಿನದರಲ್ಲಿ ಮೂರರಲ್ಲೊಂದು. ಎರಡನ್ನೂ ಕಾಲುವೆಗೆ ನೀರು ಬಿಡುವ ಮೊದಲೇ ಬದಲಿಸತಕ್ಕದ್ದು.