ಸಿ ಭಾಷೆಯಲ್ಲಿ ಟೆಕ್ಸ್ಟ್ ಕಡತ, ಬೈನರಿ ಕಡತ
(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕಂಪ್ಯೂಟರ್ ಬಗ್ಗೆ ಏನು ಹೇಳಿಯಾರು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿರುವುದು ಕಾಣುತ್ತಿದೆ. ನಗಲಿ. ನಾನು ಸಿ ಭಾಷೆ ಕಲಿತದ್ದೇ ತಪ್ಪು ಮಾಡಿ ಮಾಡಿ. ಅದರಲ್ಲಿ ಒಂದು ತಪ್ಪನ್ನು ಇಂದು ನಿಮ್ಮ ಮುಂದಿಡುತ್ತೇನೆ.

2017ರಲ್ಲಿ ನನ್ನ ತರಗತಿಯ 44 ಮಕ್ಕಳ ಕಿರುಪರೀಕ್ಷೆಯ ಅಂಕಗಳಿಗಾಗಿ ಟರ್ಬೊ ಸಿಯಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಕ್ರಮಸಂಖ್ಯೆ, ಅಂಕ ಎರಡನ್ನೂ ಎಫ್‌ರೈಟ್‌ನಿಂದ ಕಡತಕ್ಕೆ ಸೇರಿಸುವುದು, ಎಫ್‌ರೀಡ್‌ನಿಂದ ಓದಿ ಪಟ್ಟಿ ಮುದ್ರಿಸುವುದು, ಇಷ್ಟೇ. ಪಟ್ಟಿಯನ್ನು ಫಲಕಕ್ಕೆ ಅಂಟಿಸಿ ಬಂದೆ. ಐದು ನಿಮಿಷದಲ್ಲಿ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ನಾನು ಫೇಲಾ?" ಎಂದ. ಅವನ ಕ್ರಮಸಂಖ್ಯೆ 26. ಪಟ್ಟಿ 25ಕ್ಕೇ ನಿಂತಿತ್ತು. ಅವನ ಹಿಂದೆ ಇನ್ನೂ 18 ಮಕ್ಕಳು.

ಉಳಿದ ಹೆಸರುಗಳನ್ನು ಕೈಯಲ್ಲಿ ಬರೆದು ಅಂಟಿಸಿದೆ. ಕಾರಣ ಹುಡುಕಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಪಟ್ಟಿ 10ಕ್ಕೇ ನಿಂತಿತು. 11ನೆಯ ಹುಡುಗಿಗೆ ಬಂದಿದ್ದ ಅಂಕ 26! ಆಗ ನನಗೆ ಎಚ್ಚರವಾಯಿತು.

ತಪ್ಪು ಎಫ್‌ಓಪನ್‌ನಲ್ಲಿತ್ತು. ಬರೆಯುವಾಗ ಬರೀ ಡಬ್ಲ್ಯೂ, ಓದುವಾಗ ಬರೀ ಆರ್ ಕೊಟ್ಟಿದ್ದೆ. ಟರ್ಬೊ ಸಿಯಲ್ಲಿ ಅದರ ಅರ್ಥ ಟೆಕ್ಸ್ಟ್ ಕಡತ ಎಂದು. ಡಾಸ್ ಮತ್ತು ವಿಂಡೋಸ್‌ನಲ್ಲಿ ಟೆಕ್ಸ್ಟ್ ಎಂದರೆ ಎರಡು ಕೆಲಸ ತಾನಾಗಿ ನಡೆಯುತ್ತದೆ. ಬರೆಯುವಾಗ 10 ಎಂಬ ಬೈಟಿನ ಹಿಂದೆ 13 ಎಂಬುದು ಸೇರುತ್ತದೆ, ಸಾಲು ಮುಗಿಯಿತೆಂಬ ಗುರುತಿಗೆ. ಓದುವಾಗ 26 ಸಿಕ್ಕರೆ ಕಡತ ಮುಗಿಯಿತೆಂದೇ ಲೆಕ್ಕ. ಇದು ಸಿಪಿ/ಎಂ ಕಾಲದ ಬಳುವಳಿ. ಆ ವ್ಯವಸ್ಥೆ ಕಡತದ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಮಾತ್ರ ಎಣಿಸುತ್ತಿತ್ತು, ಆದ್ದರಿಂದ ಬರಹ ಎಲ್ಲಿ ಮುಗಿಯಿತು ಎನ್ನಲು ಕಂಟ್ರೋಲ್-ಝಡ್, ಅಂದರೆ 26 ಹಾಕುತ್ತಿದ್ದರು. ಆ ಹಳೆಯ ಗುರುತು ನನ್ನ ಹುಡುಗನನ್ನು ಪಟ್ಟಿಯಿಂದ ಹೊರಹಾಕಿತು! ಸುಳಿವೂ ಇತ್ತು. ಮೊದಲ ಪರೀಕ್ಷೆಯ ಕಡತ 176 ಬೈಟು ಇರಬೇಕಿತ್ತು, ಇದ್ದದ್ದು 177. ಹತ್ತನೆಯ ಕ್ರಮಸಂಖ್ಯೆ ಒಂದು 13ನ್ನು ಜೊತೆಗೆ ತಂದಿತ್ತು. ಲಿನಕ್ಸ್‌ನಲ್ಲಿ ಈ ಭೇದವಿಲ್ಲ.

ಟೆಕ್ಸ್ಟ್ ಕಡತದಲ್ಲಿ 26 ಎಂಬುದು 2 ಮತ್ತು 6 ಎಂಬ ಎರಡು ಅಕ್ಷರ, ಬೈಟುಗಳು 50 ಮತ್ತು 54. ಬೈನರಿಯಲ್ಲಿ ಅದು ನಿಜವಾದ 26. ಇನ್ನೊಂದು ತಮಾಷೆ ನೋಡಿ. ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ಎರಡು ಬೈಟು, ಚಿಕ್ಕದು ಮೊದಲು. 12345 ಅನ್ನು ಬೈನರಿಯಾಗಿ ಬರೆದರೆ 57, 48. ಡಾಸ್‌ನ ಟೈಪ್ ಆಜ್ಞೆಯಿಂದ ನೋಡಿದರೆ ಪರದೆಯ ಮೇಲೆ 90 ಎಂದು ಕಾಣುತ್ತದೆ! ಲೆಕ್ಕ ಹಾಕಿ: 48ನ್ನು 256ರಿಂದ ಗುಣಿಸಿ 57 ಕೂಡಿಸಿ.

ಪರಿವರ್ತನೆ ಸುಲಭ. ಟೆಕ್ಸ್ಟ್ ಕಡತವನ್ನು ಆರ್ ಎಂದು ತೆರೆದು ಎಫ್‌ಸ್ಕ್ಯಾನ್‌ಎಫ್‌ನಿಂದ ಓದಿ, ಡಬ್ಲ್ಯೂಬಿ ಎಂದು ತೆರೆದ ಕಡತಕ್ಕೆ ಎಫ್‌ರೈಟ್ ಮಾಡಿ. ಹಿಂದಕ್ಕೆ ತರಲು ಆರ್‌ಬಿ ಎಂದು ತೆರೆದು ಎಫ್‌ರೀಡ್, ನಂತರ ಎಫ್‌ಪ್ರಿಂಟ್‌ಎಫ್. ಎಫ್‌ಸ್ಕ್ಯಾನ್‌ಎಫ್ ಎರಡು ಸಂಖ್ಯೆ ಓದಿತೇ, ಎಫ್‌ರೀಡ್ ಒಂದು ದಾಖಲೆ ತಂದಿತೇ ಎಂದು ಪ್ರತಿ ಸಲ ನೋಡಿ. ಎಫ್‌ಇಒಎಫ್ ನಂಬಿ ಸುತ್ತು ಹಾಕಿದರೆ ಕೊನೆಯ ದಾಖಲೆ ಎರಡು ಸಲ ಬಂದೀತು. ಬೈನರಿಯ ಲಾಭವೇನೆಂದರೆ, ಪ್ರತಿ ದಾಖಲೆ 4 ಬೈಟು, ಆದ್ದರಿಂದ 26ನೆಯವನು 100ನೇ ಸ್ಥಾನದಲ್ಲೇ ಸಿಗುತ್ತಾನೆ; ಎಫ್‌ಸೀಕ್ ಸಾಕು. ಆದರೆ ಈಗಿನ ಜಿಸಿಸಿಯಲ್ಲಿ ಪೂರ್ಣಾಂಕ ಸಾಮಾನ್ಯವಾಗಿ 4 ಬೈಟು. ಹಳೆಯ ಕಡತವನ್ನು ಹಾಗೆಯೇ ಓದಿದರೆ ಅಂಕಗಳೆಲ್ಲ ಅಧ್ವಾನ. ಅದಕ್ಕೇ ನಾನು ಟೆಕ್ಸ್ಟ್ ಪ್ರತಿಯನ್ನು ಅಳಿಸುವುದಿಲ್ಲ.

ಹೆಸರು ಸೇರಿಸುವಾಗ ಮತ್ತೊಮ್ಮೆ ಎಡವಿದೆ. ರಹೀಮ್ ಎಂಬ ಹೆಸರಿಗೆ ಯುಟಿಎಫ್-8ರಲ್ಲಿ ಇಂಗ್ಲಿಷಿನಲ್ಲಿ 5 ಬೈಟು, ಉರ್ದುವಿನಲ್ಲಿ 8, ನಮ್ಮ ಕನ್ನಡದಲ್ಲಿ 15. ನಾನು ಇಟ್ಟಿದ್ದು 10! ಕನ್ನಡದ ಹೆಸರೆಲ್ಲ ನಡುವೆ ತುಂಡಾಯಿತು. ಈಗ 60 ಇಟ್ಟಿದ್ದೇನೆ, ಕೊನೆಯ ಸೊನ್ನೆ ಬೈಟೂ ಸೇರಿ. ಪ್ರೋಗ್ರಾಂ ನನ್ನ ಬಳಿ ಇದೆ. ಬೇಕಾದವರು ಊಟದ ನಂತರ ಪೆನ್ ಡ್ರೈವ್ ತನ್ನಿ.