ಎಲೆ ಹೆಣೆಯೋಣ, ಗಂಟೆ ಬರೆಯೋಣ

(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸ್ವ-ಸಹಾಯ ಸಂಘಗಳ ಮಹಿಳೆಯರ ಕ್ರೋಶಾ ತರಬೇತಿಯಲ್ಲಿ ಆಡಿದ ಮಾತುಗಳು)



ನಿಮ್ಮಲ್ಲಿ ಬಹಳ ಜನಕ್ಕೆ ಕ್ರೋಶಾ ಕಡ್ಡಿ ಹೊಸದಲ್ಲ. ಸೀರೆಗೆ ಕುಚ್ಚು ಹಾಕುವವರು ಮಾತಾಡ್ತಾ ಮಾತಾಡ್ತಾನೇ ಮಣಿ ಸೇರಿಸಿ ಚೈನ್ ಎಳೀತೀರಿ. ಅದೇ ಕಡ್ಡಿ, ಅದೇ ಕೈ. ಸೆರಗಿನ ಅಂಚು ಬಿಟ್ಟು ಸ್ವಲ್ಪ ಮುಂದೆ ಬಂದರೆ, ಹೆಣ್ಣುಮಕ್ಕಳು ಹಾಕಿಕೊಳ್ಳುವ ಒಂದು ಟಾಪನ್ನೇ ಹೆಣೆಯಬಹುದು.

ಡಿಸೈನ್ ಎಲ್ಲಿಂದ ತರೋದು ಅಂತ ಕೇಳ್ತೀರಿ. ಮನೆಯ ಹಿಂದಿನ ತೋಟಕ್ಕೆ ಹೋಗಿ ನೋಡಿ. ಹಿಪ್ಪುನೇರಳೆ ಎಲೆ ಇದೆ, ಮಾವಿನ ಚಿಗುರಿದೆ, ರಾಗಿ ತೆನೆ ಇದೆ. ರೇಷ್ಮೆಗೂಡಂತೂ ನಮ್ಮ ಊರುಗಳ ಗುರುತೇ. ಕೊರಳ ಪಟ್ಟಿಯ ಮೇಲೆ ಒಂದು ರೇಷ್ಮೆಹುಳು ತೆವಳಿಕೊಂಡು ಎಲೆಯ ಕಡೆಗೆ ಹೋಗ್ತಿದೆ ಅಂದುಕೊಳ್ಳಿ. ಹಾಕಿಕೊಂಡವಳಿಗೂ ನಗು, ನೋಡಿದವರಿಗೂ ನಗು. ಗುಂಡಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ಇದ್ದೇ ಇದೆ.

ಟಾಪನ್ನು ಒಂದೇ ತುಂಡಾಗಿ ಹೆಣೆಯಬೇಕಾಗಿಲ್ಲ. ಎಲೆ, ಹೂವು, ಹಣ್ಣುಗಳನ್ನು ಬಿಡಿಬಿಡಿಯಾಗಿ ಹೆಣೆಯಿರಿ. ಎಲೆಗೆ 12 ಚೈನ್ ಸಾಕು. ಅದರ ಮೇಲೆ ತುದಿಯಲ್ಲಿ ಗಿಡ್ಡ ಹೆಣಿಗೆ, ಮಧ್ಯೆ ಉದ್ದ ಹೆಣಿಗೆ, ಕೊನೆಗೆ ಮತ್ತೆ ಗಿಡ್ಡ ಹೆಣಿಗೆ ಹಾಕಿ, ತಿರುಗಿಸಿ ಇನ್ನೊಂದು ಮಗ್ಗುಲಲ್ಲೂ ಹಾಗೇ ಮಾಡಿದರೆ ಎಲೆ ತಾನಾಗಿ ಮೂಡುತ್ತೆ. ಆಮೇಲೆ ಹಳೇ ಬಟ್ಟೆಯ ಮೇಲೆ ಟಾಪಿನ ಅಳತೆ ಬರೆದುಕೊಳ್ಳಿ. ಎದೆಯ ಸುತ್ತಳತೆಗೆ ಎರಡು ಇಂಚು ಸಡಿಲ ಇರಲಿ. ತುಂಡುಗಳನ್ನು ಮುಖ ಕೆಳಗೆ ಮಾಡಿ ಜೋಡಿಸಿ, ದೊಡ್ಡ ಹೊಲಿಗೆ ಹಾಕಿ ನಿಲ್ಲಿಸಿ. ನಡುವಿನ ಜಾಗವನ್ನು ಚೈನಿನ ಬಲೆಯಿಂದ ತುಂಬಿ. ಕೊನೆಗೆ ದೊಡ್ಡ ಹೊಲಿಗೆ ಬಿಚ್ಚಿದರೆ ಟಾಪ್ ಕೈಗೆ ಬರುತ್ತೆ. ಹತ್ತಿ ನೂಲಿನದ್ದನ್ನು ಒಗೆದು ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಜೋತುಬೀಳುತ್ತೆ. ಚಾಪೆಯ ಮೇಲೆ ಹರಡಿ ಒಣಗಿಸಿ.

ಈ ವಿಧಾನ ಐರ್ಲೆಂಡ್ ದೇಶದ್ದು. 1845ರಲ್ಲಿ ಅಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಘೋರ ಬರಗಾಲ ಬಂತು. ಆಗ ಕಾರ್ಕ್ ಊರಿನ ಹತ್ತಿರ ಉರ್ಸುಲೈನ್ ಸಿಸ್ಟರ್‌ಗಳು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಒಂದು ಮನೆಯಲ್ಲಿ ಗುಲಾಬಿ, ಇನ್ನೊಂದು ಮನೆಯಲ್ಲಿ ಎಲೆ, ಮತ್ತೊಂದು ಕಡೆ ಜೋಡಣೆ. ಹೀಗೆ ಎಷ್ಟೋ ಸಂಸಾರಗಳು ಹಸಿವು ದಾಟಿದವು. ನಮ್ಮ ಸಂಘಗಳಲ್ಲೂ ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು. ಮಾಗಡಿಯವರು ಎಲೆ, ಕನಕಪುರದವರು ಹೂವು.

ಆದರೆ ಇನ್ನೊಂದು ಕಥೆಯನ್ನೂ ಹೇಳಲೇಬೇಕು. ಆಂಧ್ರದ ನರಸಾಪುರದ ಸುತ್ತಮುತ್ತ ಸಾವಿರಾರು ಹೆಂಗಸರು ಕ್ರೋಶಾ ಲೇಸ್ ಹೆಣೀತಾರೆ. ಅದು ಹೊರದೇಶಗಳಿಗೂ ಹೋಗುತ್ತೆ. ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಅವರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ದಿನವಿಡೀ ದುಡಿದರೂ ಆ ಹೆಂಗಸರನ್ನು ಯಾರೂ ಕೆಲಸಗಾರರು ಅಂತ ಕರೆಯಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತವರು ಬಿಡುವಿನಲ್ಲಿ ಮಾಡ್ತಾರೆ ಅಂದರು. ಲಾಭ ವ್ಯಾಪಾರಿಗಳಿಗೆ ಹೋಯಿತು.

ನಾವೂ ಅದೇ ತಪ್ಪು ಮಾಡಿದೆವು. ನಮ್ಮ ಮೊದಲ ಟಾಪುಗಳಿಗೆ ನೂಲಿನ ಬೆಲೆ ಬರೆದುಕೊಂಡೆವು, ಗಂಟೆ ಬರೆಯಲಿಲ್ಲ. ಅಂಗಡಿಯವರು ಹೇಳಿದ ಬೆಲೆಗೆ ಕೊಟ್ಟು ಬಂದೆವು. ಬಸ್ಸಿನಲ್ಲಿ ಬರುವಾಗ ಒಬ್ಬ ತಾಯಿ, "ಸಿಸ್ಟರ್, ನೂಲಿನ ದುಡ್ಡು ಕಳೆದರೆ ನಮ್ಮ ಕೈಗೆ ಏನು ಉಳೀತು?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಲೆಕ್ಕ ಹಾಕೋಣ. ಒಂದು ಟಾಪಿಗೆ 60 ತುಂಡು ಅಂದುಕೊಳ್ಳಿ. ತುಂಡಿಗೆ 20 ನಿಮಿಷವಾದರೆ 20 ಗಂಟೆ. ಜೋಡಣೆಗೆ 12 ಗಂಟೆ. ಒಟ್ಟು 32 ಗಂಟೆ, ಅಂದರೆ ಎಂಟು ಗಂಟೆಯ ನಾಲ್ಕು ದಿನ. 2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲೇ ಕೂಲಿ 1,480 ರೂಪಾಯಿ ಆಯಿತು. ನೂಲು, ಮಣಿ, ಬಸ್ ಚಾರ್ಜ್ ಬೇರೆ. ಇದಕ್ಕಿಂತ ಕಡಿಮೆಗೆ ಕೇಳಿದವರಿಗೆ ಈ ಲೆಕ್ಕ ತೋರಿಸಿ. ಸ್ವೆಟರ್ ಯಂತ್ರದಲ್ಲಿ ಬರುತ್ತೆ, ಆದರೆ ಅಂಗಡಿಯಲ್ಲಿ ಕಾಣುವ ನಿಜವಾದ ಕ್ರೋಶಾ ಬಟ್ಟೆ ಯಾರೋ ಒಬ್ಬರ ಕೈಯಿಂದಲೇ ಬಂದಿರುತ್ತೆ. ಕೊಳ್ಳುವವರಿಗೆ ಇದನ್ನು ಹೇಳಲು ಸಂಕೋಚ ಬೇಡ.

ಎಲ್ಲರೂ ಆ ಬೆಲೆ ಕೊಡ್ತಾರೆ ಅಂತ ನಾವು ಮಾತು ಕೊಡೋಕಾಗಲ್ಲ. ಹಾಗಾಗಿ ಮೊದಲು ಒಂದೇ ಟಾಪ್ ಮಾಡಿ. ಚಿಕ್ಕದು ಬೇಕಾದವರಿಗೆ ಕೊರಳ ಪಟ್ಟಿ ಮಾಡಿಕೊಡಿ, ಕುಚ್ಚಿನ ಕೆಲಸವನ್ನೂ ಬಿಡಬೇಡಿ. ಸಾಧ್ಯವಾದರೆ ಮೊದಲನೆಯದನ್ನು ನಿಮ್ಮ ಮಗಳಿಗೇ ಹಾಕಿಸಿ ನೋಡಿ. ಬಿಗಿಯೋ ಸಡಿಲವೋ ಅವಳೇ ಹೇಳ್ತಾಳೆ.

ಇಂದು ಎಲ್ಲರಿಗೂ ಒಂದು ಕಡ್ಡಿ, ನೂಲಿನ ಉಂಡೆ ಮತ್ತು ಒಂದು ಚಿಕ್ಕ ನೋಟ್‌ಬುಕ್ ಕೊಡ್ತಿದ್ದೇವೆ. ಕಡ್ಡಿ ಕೈಗೆ ತಗೊಂಡಾಗ ಗಂಟೆ ಬರೆಯಿರಿ, ಕೆಳಗಿಟ್ಟಾಗಲೂ ಬರೆಯಿರಿ. ಮುಂದಿನ ಸಭೆಗೆ ಎಲೆಯ ಜೊತೆ ಆ ನೋಟ್‌ಬುಕ್ಕನ್ನೂ ತನ್ನಿ.