ವೀರಪದಕವೂ ನ್ಯಾಸಧರ್ಮವೂ

(ಮಠದ ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸ)

ಓಂ ಶ್ರೀ ಗುರುಬಸವಲಿಂಗಾಯ ನಮಃ



ಊರಳಿವಿನಲ್ಲಿಯೂ ತುರುಗಾಳೆಗದಲ್ಲಿಯೂ ಮಡಿದವನಿಗೆ ಕಲ್ಲು ನಿಲ್ಲಿಸುವ ಪದ್ಧತಿಯು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ಆ ವೀರಗಲ್ಲಿನ ಮೇಲೆ ಮಡಿದವನ ಹೆಸರನ್ನೂ ಆತನ ಕಾರ್ಯವನ್ನೂ ಕೊರೆಯಿಸಿದರು. ಅಷ್ಟಕ್ಕೇ ನಿಲ್ಲದೆ, ಆತನ ಮನೆಯವರ ಬಾಳುವೆಗಾಗಿ ಕಲ್ನಾಡೆಂಬ ಹೆಸರಿನಿಂದ ಭೂಮಿಯನ್ನೂ ಬಿಟ್ಟುಕೊಟ್ಟರು. ಹೆಸರು ಅಳಿಯದಂತೆ ಕಾಯುವುದು, ಉಳಿದವರನ್ನು ಮರೆಯದಿರುವುದು, ಎಂಬೀ ಎರಡು ಋಣಗಳನ್ನು ಹಿರಿಯರು ಒಂದೆಂದೇ ಬಗೆದರು.

ಈಚಿನ ಕಾಲದಲ್ಲಿ ಆ ಕಲ್ಲಿನ ಸ್ಥಾನಕ್ಕೆ ಪದಕವು ಬಂದಿತು. ಆದರೆ ಕಲ್ಲಿಗೂ ಪದಕಕ್ಕೂ ಒಂದು ಭೇದವುಂಟು. ವೀರಗಲ್ಲು ಕೆರೆಯ ಏರಿಯಲ್ಲಿ ಉರುಳಿಬಿದ್ದರೂ ತನ್ನ ಊರನ್ನು ಬಿಡುವುದಿಲ್ಲ. ಪದಕವಾದರೋ ಅಂಗೈಯಗಲದ್ದೂ ಅಲ್ಲ. ಕೈಯಿಂದ ಕೈಗೆ ಸಾಗಿ ಸಮುದ್ರದಾಚೆಗೂ ಹೋಗಬಲ್ಲುದು. ಹಾಗೆ ಹೋದುದನ್ನು ಮಡಿದವನ ಮನೆಗೆ ಮುಟ್ಟಿಸುವ ಧರ್ಮವೇ ಈ ಉಪನ್ಯಾಸದ ವಿಷಯವು.

ಕನ್ನಡನಾಡಿನ ಮಣ್ಣಿಗೇ ಸಂಬಂಧಪಟ್ಟ ಒಂದು ನಿದರ್ಶನವನ್ನು ಅವಧರಿಸಬೇಕು. ಗೌರಿಬಿದನೂರು ಸೀಮೆಯ ತೊಂಡೇಬಾವಿಯ ಬಳಿ ೧೯೪೫ನೆಯ ಇಸವಿ ಸೆಪ್ಟೆಂಬರ್ ೧೨ರಂದು ಸೈನಿಕರ ಶಸ್ತ್ರಾಭ್ಯಾಸವು ನಡೆದಿತ್ತು. ಅಲ್ಲಿ ೧೩ನೆಯ ಫ್ರಾಂಟಿಯರ್ ಫೋರ್ಸ್ ರೈಫಲ್ಸ್ ಪಡೆಯ ಒಂದು ತಂಡಕ್ಕೆ ಕೃಪಾರಾಮನೆಂಬ ನಾಯಕನು ಮುಖಂಡನು. ಹಿಮಾಚಲದ ಬಿಲಾಸಪುರ ಸೀಮೆಯವನು. ಬಂದೂಕದಿಂದ ಹಾರಿಸಿದ ಸಿಡಿಗುಂಡೊಂದು ದೂರ ಹೋಗದೆ ತಂಡದ ಮುಂದೆಯೇ ಬಿದ್ದಿತು. ಕೃಪಾರಾಮನು ತನ್ನವರಿಗೆ ಮರೆಯಾಗಿರೆಂದು ಕೂಗಿ ಹೇಳುತ್ತ ಮುನ್ನುಗ್ಗಿ, ಅದನ್ನು ಎತ್ತಿ ಆಚೆಗೆ ಎಸೆಯಲು ಯತ್ನಿಸಿದನು. ಅಷ್ಟರಲ್ಲಿ ಅದು ಕೈಯಲ್ಲಿಯೇ ಸಿಡಿಯಿತು. ಆತನು ಪ್ರಾಣವನ್ನು ತೆತ್ತನು. ತಂಡದಲ್ಲಿ ಇಬ್ಬರಿಗೆ ಮಾತ್ರ ಅಲ್ಪವಾದ ಗಾಯವಾಯಿತು. ೧೯೪೬ರಲ್ಲಿ ಆತನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಬೆಳ್ಳಿಯ ಪದಕವು ಪ್ರದಾನವಾಗಿ, ಇನ್ನೂ ಎಳೆಯ ವಯಸ್ಸಿನ ಆತನ ಪತ್ನಿಯ ಕೈಸೇರಿತು.

ಆ ಸಾಧ್ವಿಯು ಅರ್ಧಶತಮಾನಕ್ಕೂ ಮಿಕ್ಕಿ ಅದನ್ನು ಕಾಪಾಡಿಕೊಂಡಿದ್ದಳು. ೨೦೦೨ರಲ್ಲಿ ಅದು ಮನೆಯಿಂದ ಕಳವಾಯಿತು. ೨೦೦೯ರಲ್ಲಿ ಲಂಡನ್ನಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಸುದ್ದಿಯು ತಿಳಿದೊಡನೆ ಹರಾಜು ನಿಂತು, ವ್ಯಾಜ್ಯವು ಬೆಳೆದು, ಹಲವು ವರ್ಷಗಳ ಮೇಲೆ ಪದಕವು ಆ ವೃದ್ಧೆಗೇ ಹಿಂದಿರುಗಿತು. ಬೆಳ್ಳಿಯ ತೂಕವನ್ನು ನೋಡಿದರೆ ಇಷ್ಟು ಶ್ರಮಕ್ಕೆ ಅರ್ಥವಿಲ್ಲ. ಆದರೆ ಆ ಮನೆಯಲ್ಲಿ ಗಂಡನ ಹೆಸರನ್ನು ಹೊತ್ತು ಬಂದ ವಸ್ತುವದು.

ಈ ವಿಷಯದಲ್ಲಿ ಶಾಸ್ತ್ರದ ನಿರ್ಣಯವು ಸ್ಪಷ್ಟವಾಗಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿ ಪ್ರಕರಣವೂ ಅಸ್ವಾಮಿವಿಕ್ರಯ ಪ್ರಕರಣವೂ ಇವೆ. ಇಟ್ಟ ಒಡವೆಯನ್ನು ಇಟ್ಟಂತೆಯೇ ಹಿಂದಿರುಗಿಸತಕ್ಕದ್ದು. ಅದರಿಂದ ತನ್ನ ಜೀವನವನ್ನು ನಡೆಸಿದವನು ದಂಡಾರ್ಹನು. ಒಡೆಯನಲ್ಲದವನು ಮಾರಿದ ವಸ್ತುವನ್ನು ಒಡೆಯನು ಮರಳಿ ಪಡೆಯಬಹುದು. ಗುಟ್ಟಾಗಿ ಕೊಂಡವನಿಗೂ ದೋಷವು ತಪ್ಪದು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಮುಂದೆ ಅದೇ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಪರಧನವನ್ನೊಲ್ಲದ ಸದಾಚಾರವನ್ನು ಬೋಧಿಸಿದರು. ಶಾಸ್ತ್ರವು ದಂಡದಿಂದ ತಡೆದುದನ್ನು ಶರಣರು ಅಂತಃಕರಣದಿಂದ ತಡೆದರೆಂಬುದಷ್ಟೇ ಭೇದವು.

ಇನ್ನು ಪದಕದ ಒಡೆಯನನ್ನು ಹುಡುಕುವ ಬಗೆ. ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದ ಪದಕಗಳ ಅಂಚಿನಲ್ಲಿಯೋ ಹಿಂಬದಿಯಲ್ಲಿಯೋ ಸಿಪಾಯಿಯ ಸಂಖ್ಯೆ, ಪದವಿ, ಹೆಸರು, ಪಡೆ ಇವು ಒತ್ತಲ್ಪಟ್ಟಿರುತ್ತವೆ. ಆದಕಾರಣ ಪದಕವು ಕೈಗೆ ಬಂದವನು ಅದನ್ನು ಉಜ್ಜಿ ಹೊಳೆಯಿಸಲು ಹೋಗದೆ ಮೊದಲು ಅಂಚನ್ನು ಓದತಕ್ಕದ್ದು. ೧೯೧೭ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ಮಡಿದ ಅನೇಕ ಭಾರತೀಯರ ತಂದೆಯ ಹೆಸರೂ ಗ್ರಾಮವೂ ತಾಲ್ಲೂಕೂ ದೊರೆಯುತ್ತವೆ. ಪಂಜಾಬದ ಸುಮಾರು ೩,೨೦,೦೦೦ ಸೈನಿಕರ ವಿವರಗಳುಳ್ಳ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಮರೆಯಾಗಿದ್ದು, ೨೦೨೧ರಿಂದ ಸಾರ್ವಜನಿಕರಿಗೆ ದೊರೆಯತೊಡಗಿವೆ.

ಕಾಗದವು ಊರಿನ ವರೆಗೆ ಕರೆದೊಯ್ಯುತ್ತದೆ. ಮನೆಯ ಬಾಗಿಲಿಗೆ ಕರೆದೊಯ್ಯುವವರು ಜನರು. ಉತ್ತರದೇಶದವರಿಗೆ ಹರಿದ್ವಾರದ ಪಂಡಾಗಳ ವಹಿಗಳಿವೆ. ಕನ್ನಡನಾಡಿನಲ್ಲಿ ವಂಶಾವಳಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬರುವ ಹೆಳವರಿದ್ದಾರೆ. ಮನೆಮನೆಯ ಶುಭಾಶುಭಗಳನ್ನು ಬಲ್ಲ ಊರ ಜಂಗಮರಿದ್ದಾರೆ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ರಾವುತರಲ್ಲಿ ಮೈಸೂರಿನ ಅಶ್ವದಳದವರೂ ಇದ್ದರಷ್ಟೆ. ಅಂಥವರ ಮನೆತನಗಳನ್ನು ಅರಸಲು ಇವರಿಗಿಂತ ಮಿಗಿಲಾದ ಸಹಾಯಕರು ದೊರೆಯಲಾರರು.

ಹೆಸರಿಲ್ಲದ ಲೋಹವು ಎಷ್ಟು ಮೂಕವೆಂಬುದಕ್ಕೂ ದೃಷ್ಟಾಂತವುಂಟು. ೨೦೧೬ರಲ್ಲಿ ಫ್ರಾನ್ಸಿನ ರಿಷ್‌ಬೂರ್ ಗ್ರಾಮದ ಬಳಿ ನೆಲವನ್ನಗೆಯುವಾಗ ಇಬ್ಬರು ಯೋಧರ ಅಸ್ಥಿಗಳು ದೊರೆತವು. ಭುಜದ ಬಿಲ್ಲೆಯಲ್ಲಿದ್ದ ೩೯ ಎಂಬ ಅಂಕೆಯಿಂದ ಅವರು ೩೯ನೆಯ ಗಢವಾಲ ಪಡೆಯವರೆಂದು ತಿಳಿಯಿತು. ಅವರು ಯಾರೆಂಬುದು ತಿಳಿಯಲಿಲ್ಲ. ೨೦೧೭ರ ನವೆಂಬರಿನಲ್ಲಿ ಅವರನ್ನು ಅಲ್ಲಿಯೇ ಲಾವಾಂತಿಯ ಸಮಾಧಿಸ್ಥಳದಲ್ಲಿ ಸಕಲ ಗೌರವದಿಂದ ಮಣ್ಣುಗೊಡಲಾಯಿತು. ಗಢವಾಲದ ಯಾವ ಮನೆಯ ಬಾಗಿಲಿಗೂ ಆ ವಾರ್ತೆಯನ್ನು ಒಯ್ಯುವಂತಿರಲಿಲ್ಲ. ಹೆಸರುಳ್ಳ ಪದಕವು ಕೈಯಲ್ಲಿದ್ದೂ ಸುಮ್ಮನೆ ಕುಳಿತವನ ತಪ್ಪು ಎಷ್ಟು ದೊಡ್ಡದೆಂಬುದು ಇದರಿಂದ ವಿಶದವಾಗುತ್ತದೆ.

ಅನ್ಯರ ಪ್ರಭುತ್ವವು ಕೊಟ್ಟ ಪದಕಕ್ಕೆ ಇಷ್ಟೇಕೆ ಆದರವೆಂದು ಕೆಲವರು ಆಕ್ಷೇಪಿಸಬಹುದು. ಮುದ್ರೆಯು ಪ್ರಭುವಿನದು ಅಹುದು. ಆದರೆ ಅಂಚಿನ ಹೆಸರು ತಾಯಿಯೊಬ್ಬಳು ತೊಟ್ಟಿಲಲ್ಲಿಟ್ಟ ಹೆಸರು. ಹಿಂದಿರುಗಿಸುವುದು ಆ ಹೆಸರನ್ನು. ಮತ್ತೆ ಕೆಲವರು, ಮನೆಯವರೇ ಮಾರಿಕೊಂಡಿದ್ದರೆ ಏನು ಗತಿಯೆನ್ನುವರು. ಬರಗಾಲದಲ್ಲಿ ಮಕ್ಕಳ ಗಂಜಿಗಾಗಿ ಅಕ್ಕಸಾಲಿಗನಿಗೆ ಬೆಳ್ಳಿಯನ್ನು ಒಪ್ಪಿಸಿದ ವಿಧವೆಯನ್ನು ನಿಂದಿಸುವ ಅಧಿಕಾರವು ಉಂಡವರಿಗೆ ಇಲ್ಲ. ಅಂಥ ಮನೆಗೆ ಪದಕವನ್ನು ಬೆಲೆ ಕೇಳದೆ ಕೊಡುವುದೇ ದಾಸೋಹವು.

ಕೊಡುವುದರಲ್ಲಿಯೂ ವಿವೇಕವು ಬೇಕು. ಪದಕವು ಹೊಲದಂತೆ ಪಾಲಾಗತಕ್ಕ ವಸ್ತುವಲ್ಲ. ಸ್ಮೃತಿಯು ಪುತ್ರರಿಲ್ಲದವನ ಸೊತ್ತಿಗೆ ಮೊದಲು ಪತ್ನಿಯನ್ನೂ ಅನಂತರ ಹೆಣ್ಣುಮಕ್ಕಳನ್ನೂ ಹೇಳಿ, ಬಳಿಕ ತಂದೆತಾಯಿಗಳು, ಸೋದರರು ಎಂದು ಕ್ರಮವನ್ನಿಟ್ಟಿದೆ. ಮಗನಿಲ್ಲವೆಂದು ಮಗಳ ಮನೆಯನ್ನು ಬಿಟ್ಟು ದಾಯಾದಿಯನ್ನು ಅರಸುವುದು ಯುಕ್ತವಲ್ಲ. ಮೊದಲು ವಾರ್ತೆಯನ್ನು ಮೆಲ್ಲನೆ ತಿಳಿಸಿ, ಒಪ್ಪಿಗೆಯನ್ನು ಪಡೆದು, ಬಂಧುಗಳೆಲ್ಲರ ಸಮಕ್ಷಮದಲ್ಲಿ ಕೊಡುವುದು ಉತ್ತಮ. ಸನ್ಮಾನದ ಮೆರವಣಿಗೆಯು ಕೊಟ್ಟವನಿಗಾಗಿ ಆಗಬಾರದು.

ತೊಂಡೇಬಾವಿಯ ಬಯಲಿನಲ್ಲಿ ಮಡಿದವನಿಗೆ ಆ ನಾಡು ಹುಟ್ಟೂರಲ್ಲ. ಆತನು ಉಳಿಸಿದವರು ಆತನ ರಕ್ತಸಂಬಂಧಿಗಳಲ್ಲ. ಆದರೂ ಕಾಯವನ್ನು ಪರರಿಗಾಗಿ ಸವೆಯಿಸಿದನು. ಅಂಥವನ ಹೆಸರು ಆತನ ಒಲೆಯ ಬಳಿಗೆ ಮರಳಿದುದು ಧರ್ಮದ ಜಯವು. ಈ ಮಹೋತ್ಸವಕ್ಕೆ ಕೂಡಿದ ಭಕ್ತರ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಅನ್ಯರ ಹೆಸರುಳ್ಳ ಪದಕವೇನಾದರೂ ಇದ್ದರೆ, ಅದು ಒಡವೆಯಲ್ಲ, ನ್ಯಾಸವೆಂದು ತಿಳಿದು ಅಂಚನ್ನೊಮ್ಮೆ ಓದುವುದು.

ಸರ್ವೇ ಜನಾಃ ಸುಖಿನೋ ಭವಂತು.